ಎಸ್ಕಲೇಟರಿಗೊಂದು ನಮಸ್ಕಾರ

ಮೈಸೂರಿನ ಬಿಸಿಲು ತಡೆಯಲಾರದೆ ಹೊಸದಾಗಿ ತೆರೆದ ಮಾಲ್ ಹೊಕ್ಕೆ. ಎಸ್ಕಲೇಟರಿನ ಬುಡದಲ್ಲಿ ವಯಸ್ಸಾದ ಪ್ರವಾಸಿ ಮಹಿಳೆಯೊಬ್ಬರು ಕಾಲಿಡಲು ಹೆದರಿ ನಿಂತಿದ್ದರು.

"ಚೀನಾದವ್ರು ಸಾರ್. ಮಗಳು ಮೇಲಕ್ಕೆ ಹೋಗ್ಬುಟ್ರು, ಇವ್ರು ಇಲ್ಲೇ ಉಳ್ಕೊಂಡವ್ರೆ" ಎಂದ ಕಾವಲಿನವನು.

ಚೀನಾದವರಿಗೆ ಇದೆಲ್ಲ ನೀರು ಕುಡಿದಷ್ಟು ಸುಲಭವೆಂದು ನಾನೇಕೆ ಅಂದುಕೊಂಡಿದ್ದೆನೋ.

ಪಕ್ಕದಲ್ಲೇ, ಊರಂಚಿನ ಹಿನಕಲ್‌ನಿಂದ ಬಂದ ಹೆಂಗಸೊಬ್ಬರು ಅದೇ ಭಯದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. "ನಂಗೂ ದಿಗಿಲೇ ಕಣಮ್ಮ. ಬನ್ನಿ, ಬಿದ್ರೆ ಇಬ್ರೂ ಬೀಳಾನ" ಎಂದು ಆ ತಾಯಿಯ ಕೈ ಹಿಡಿದರು. ಹತ್ತುವ ಮೊದಲು, ಬಸ್ಸಿನ ಮೆಟ್ಟಿಲಿಗೆ ಮಾಡುವಂತೆ, ಬಗ್ಗಿ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಇದನ್ನು ಹತ್ತುವ ಕ್ರಮವೇ ಹೀಗೆ ಎಂದುಕೊಂಡಿರಬೇಕು, ಚೀನಾದ ತಾಯಿಯೂ ಹಾಗೆಯೇ ಮಾಡಿದರು. ಇಬ್ಬರೂ ಕೈ ಬಿಡದೆ ಮೇಲೇರಿದರು. ನಾನು ಹಿಂದೆಯೇ ಇದ್ದೆ.

ಮೇಲೆ ಕಾಯುತ್ತಿದ್ದ ಮಗಳು ನಗುತ್ತಾ ಮುಂದಿನ ಮಹಡಿಯ ಎಸ್ಕಲೇಟರಿನತ್ತ ಹೊರಟಳು. ಕಾಲಿಡುವಷ್ಟರಲ್ಲಿ ತಾಯಿ ಅವಳ ತೋಳು ಹಿಡಿದು ನಿಲ್ಲಿಸಿ, ನೆಲ ತೋರಿಸಿದರು. ಮಗಳಿಗೆ ಅರ್ಥವಾಗಲಿಲ್ಲ. ಕೊನೆಗೆ ತಾಯಿ ತಾವೇ ಬಗ್ಗಿ ನೆಲ ಮುಟ್ಟಿ, ಆ ಬೆರಳುಗಳನ್ನು ಮಗಳ ಕಣ್ಣಿಗೆ ಒತ್ತಿದರು.