ಬಳೆಗಾರ್ತಿ ಕಟ್ಟಿದ ಡೈಪರ್ ಕೇಕು

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ನನ್ನದು ಹೊಲಿಗೆ ಅಂಗಡಿ, ಪಕ್ಕದ್ದು ಮುಬೀನಾಳ ಬಳೆ ಅಂಗಡಿ. ನಡುವೆ ಇರುವುದು ಒಂದು ತೆಳು ಹಲಗೆ. ನಾನು ಗಿರಾಕಿಯನ್ನು ಬೈದರೆ ಆಕೆಗೆ ಕೇಳುತ್ತದೆ, ಆಕೆ ಅತ್ತರೆ ನನಗೆ ಕೇಳುತ್ತದೆ. ಆ ವರ್ಷ ನಾನು ಕೇಳಿದ್ದು ಬರೀ ಅಳು.

ಮುಬೀನಾ ಬಳೆ ಇಡಿಸುವುದನ್ನು ನೋಡಬೇಕು. ಕೈಯನ್ನು ಒಮ್ಮೆ ಹಿಚುಕಿದರೆ ಸಾಕು, ಅಳತೆ ಗೊತ್ತಾಗುತ್ತದೆ. ಅದೂ ಇದೂ ಮಾತಾಡಿಸುತ್ತಲೇ ಗಾಜಿನ ಬಳೆಯನ್ನು ಮುಂಗೈಗೆ ಇಳಿಸಿಬಿಡುತ್ತಾಳೆ. ಸುತ್ತಿನ ಊರುಗಳಲ್ಲಿ ಬಸುರಿಗೆ ಕುಬಸ, ಅಂದರೆ ಸೀಮಂತ, ಮಾಡುವಾಗ ಹಸಿರು ಬಳೆ ಇಡಿಸಲು ಆಕೆಯೇ ಬೇಕಾಗಿತ್ತು. ಆಕೆಯ ಅತ್ತೆಯೂ ಅದೇ ಮನೆಗಳಿಗೆ ಬಳೆ ಹೊತ್ತವಳು.

ನಮ್ಮ ಓಣಿಯ ಸುಜಾತಾ ತೊಟ್ಟಿಲಲ್ಲಿದ್ದಾಗ ಮೊದಲ ಕರಿಬಳೆ ಇಡಿಸಿದ್ದೂ ಮುಬೀನಾಳೇ. ಆ ಹುಡುಗಿಯನ್ನು ನಿಡಗುಂದಿಯ ಮಾಳಿಂಗನಿಗೆ ಕೊಟ್ಟರು. ಎರಡು ಸಲ ಬಸುರಾದಳು. ಎರಡೂ ಸಲ ಮುಬೀನಾ ಹೋಗಿ ಕುಬಸದ ಬಳೆ ಇಡಿಸಿ ಬಂದಳು. ಎರಡೂ ಕೂಸು ಹೊಟ್ಟೆಯಲ್ಲೇ ತೀರಿಹೋದವು. ಡಾಕ್ಟರು ಏನೇನೋ ಕಾರಣ ಹೇಳಿದರು. ಸುಜಾತಾಳ ಅತ್ತೆ ಶೇವಂತೆವ್ವ ಮಾತ್ರ ಬಳೆಗಾರ್ತಿಯ ಕೈಗುಣ ಸರಿಯಿಲ್ಲ ಎಂದುಬಿಟ್ಟಳು.

ಆ ಮುದುಕಿಯ ಬಾಯಿಗೆ ಹಿಡಿತವೆಂಬುದಿಲ್ಲ. ಮಾತು ನಿಡಗುಂದಿಯಿಂದ ಬಸವನ ಬಾಗೇವಾಡಿ ದಾಟಿ ನಮ್ಮ ಓಣಿಯವರೆಗೂ ಬಂತು. ಬರಲಿ, ಜನರ ಬಾಯಿ ಯಾರು ಕಟ್ಟಿಯಾರು? ಆದರೆ ಮುಬೀನಾಳೇ ಅದನ್ನು ನಂಬಿ ಕೂತಳಲ್ಲ, ಅದಕ್ಕೆ ನನಗೆ ಮೈಯೆಲ್ಲ ಉರಿಯಿತು. ಬಸುರಿಯರು ಬಂದರೆ ಅವರ ಅಳತೆಯ ಬಳೆ ಮುಗಿದಿವೆ ಎಂದು ಎದುರಿನ ಅಂಗಡಿಗೆ ಕಳಿಸುತ್ತಿದ್ದಳು. ಆಕೆಯ ಬೆನ್ನಹಿಂದೆಯೇ ಡಬ್ಬಿಗಟ್ಟಲೆ ಬಳೆ ಇರುತ್ತಿದ್ದವು.

“ತಲಿ ಕೆಟ್ಟೈತೇನ ನಿಂದು?” ಎಂದು ಕೇಳಿದೆ.

“ಕೂಸುಗಳು ಉಳೀಬೇಕಲ್ಲ, ಪಲ್ಲವಿ. ನನ್ನ ಕೈ ಕಂಡ್ರ ನನಗ ಅಂಜಿಕಿ ಬರ್ತೈತಿ.”

ಅಷ್ಟರಲ್ಲಿ ಸುಜಾತಾ ಮತ್ತೆ ಬಸುರಾದಳು. ಏಳು ತಿಂಗಳಿಗೆ ಕುಬಸ ಇಟ್ಟುಕೊಂಡರು. ಶೇವಂತೆವ್ವ ಈ ಸಲ ಮುದ್ದೇಬಿಹಾಳದ ಬಳೆಗಾರ್ತಿಗೆ ಹೇಳಿದ್ದಳು. ಸುಜಾತಾ ಮುಬೀನಾಳಿಗೆ ಕದ್ದು ಫೋನು ಮಾಡಿ, “ಬಳಿ ಇಡಸೂದು ಇರ್ಲಿ ಅಕ್ಕಾ, ನನ್ನ ನೋಡಾಕರ ಬಾ” ಎಂದು ಅತ್ತಳಂತೆ.

ಬರಿಗೈಲಿ ಹೇಗೆ ಹೋಗುವುದು? ತನ್ನ ಕೈ ಸುಜಾತಾಳ ಮೈಗೆ ತಾಗಬಾರದು, ಆದರೂ ತನ್ನ ಕೈಯಿಂದಲೇ ಏನಾದರೂ ಹೋಗಬೇಕು. ಮುಬೀನಾಳಿಗೆ ಅದೊಂದೇ ಹಟ. ತಮ್ಮನ ಮಗಳು ಇರಮ ಮೊಬೈಲಿನಲ್ಲಿ ಡೈಪರಿನ ಕೇಕು ತೋರಿಸಿದಳು. ಡೈಪರುಗಳನ್ನು ಸುರುಳಿ ಸುತ್ತಿ ಮೂರು ಅಂತಸ್ತು ನಿಲ್ಲಿಸಿದರೆ ಥೇಟು ಹುಟ್ಟುಹಬ್ಬದ ಕೇಕು. ಮುಬೀನಾ ಅದನ್ನೇ ಹಿಡಿದಳು. ರಬ್ಬರ್ ಬ್ಯಾಂಡು ಹಾಕಿದರೆ ಪಟಪಟ ಹರಿಯುತ್ತಿದ್ದವು. ಸಿಟ್ಟಿನಲ್ಲಿ ಅವನ್ನು ಬಿಸಾಕಿ ಡಬ್ಬಿಗೆ ಕೈ ಹಾಕಿದಳು. ಡೈಪರನ್ನು ಗಿರಾಕಿಯ ಕೈಯಂತೆ ಹಿಚುಕಿ ಹಸಿರು ಬಳೆಯೊಳಗೆ ಇಳಿಸಿದಳು. ಒಂದೂ ಒಡೆಯಲಿಲ್ಲ. ನಾನು ಸುತ್ತಲೂ ಜರಿ ಪಟ್ಟಿ ಕಟ್ಟಿ, ತುದಿಗೆ ಕೂಸಿನ ತಲೆಗೆ ಹಾಕುವ ಪುಟ್ಟ ಕುಂಚಿಗೆಯೊಂದನ್ನು ಹೊಲಿದು ಇಟ್ಟೆ. ಇಬ್ಬರೂ ಹಿಗ್ಗಿದೆವು. ಇಬ್ಬರಿಗೂ ಬುದ್ಧಿ ಎಲ್ಲಿ ಹೋಗಿತ್ತೋ.

ಹೆಂಗಸರಿಗೆ ಟಿಕೆಟ್ ಇಲ್ಲವಾದ ಮೇಲೆ ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಮುಬೀನಾ ಕೇಕನ್ನು ತೊಡೆಯ ಮೇಲಿಟ್ಟುಕೊಂಡು, ಯಾರಾದರೂ ವಾಲಿದರೆ ಮೊಣಕೈ ಅಡ್ಡ ಕೊಡುತ್ತ ಕೂತಿದ್ದಳು. ಬಾಗೇವಾಡಿಯಲ್ಲಿ ಬಸ್ಸು ಬದಲಿಸಿದಾಗಲೂ ನನ್ನ ಕೈಗೆ ಕೊಡಲಿಲ್ಲ.

ನಿಡಗುಂದಿಯಲ್ಲಿ ಸುಜಾತಾ ಮಣೆಯ ಮೇಲೆ ಕೂತಿದ್ದಳು. ಮುದ್ದೇಬಿಹಾಳದವಳು ಬಳೆಯ ಗಂಟು ಬಿಚ್ಚುತ್ತಿದ್ದಳು. ನಾವು ಹೊಸ್ತಿಲು ದಾಟುವ ಮೊದಲೇ ಶೇವಂತೆವ್ವ ಬಾಗಿಲಿಗೆ ಅಡ್ಡ ನಿಂತಳು. ಕುಂಚಿಗೆ ನೋಡಿದಳು, ಡೈಪರು ನೋಡಿದಳು.

“ಇನ್ನಾ ಹುಟ್ಟಲಾರದ ಕೂಸಿಗೆ ಅರಿವಿ ತಂದೀಯೇನ? ಎರಡು ಹ್ವಾದ್ವು, ಇದನ್ನೂ ಕಳಿಸಬೇಕಂತ ಮಾಡೀಯೇನ?”

ಆಗ ಹೊಳೆಯಿತು ನಮಗೆ. ಕೂಸು ಹುಟ್ಟಿ ಅತ್ತ ಮೇಲೆಯೇ ಅದರ ಸಾಮಾನು ತರಬೇಕು. ಅವರ ಮನೆಯಲ್ಲೂ ಹಾಗೆಯೇ, ಮುಬೀನಾಳ ಮನೆಯಲ್ಲೂ ಹಾಗೆಯೇ. ಮೊಬೈಲಿನ ಬಣ್ಣ ನೋಡಿ ಅದು ಕೂಸಿನ ಬಟ್ಟೆಯೆಂಬುದನ್ನೇ ಮರೆತಿದ್ದೆವು. ಮುಬೀನಾ ಕಟ್ಟೆಯ ಮೇಲೆ ಕುಸಿದಳು.

“ನನ್ನ ಕೈ ಕಡದ ಒಗೀರಿ ಯಾರರ,” ಎಂದಳು. ನಾನು ಆಕೆಯ ಬಳಿ ಹೋಗದೆ ಒಂದು ಹೆಜ್ಜೆ ಹಿಂದೆ ಸರಿದೆ, ಅದಕ್ಕೇ ಈಗಲೂ ನಾಚಿಕೆಯಾಗುತ್ತದೆ.

ಸುಜಾತಾ ಮಣೆಯಿಂದೆದ್ದು ಹೊಟ್ಟೆ ಹಿಡಿದುಕೊಂಡು ಬಂದಳು. ಜರಿ ಪಟ್ಟಿ ಹರಿದು, ಒಂದು ಡೈಪರಿನಿಂದ ಬಳೆ ಎಳೆದು ತೆಗೆದಳು. ಇನ್ನೊಂದು, ಮತ್ತೊಂದು. ಕೇಕು ಹೊಸ್ತಿಲ ಮೇಲೆ ಬಿಚ್ಚಿ ಬಿತ್ತು.

“ಅರಿವಿ ಬ್ಯಾಡಂದ್ರ ಹೊಳ್ಳಿ ಒಯ್ಯಲಿ. ಬಾಗಲಕ್ಕ ಬಂದ ಹಸರ ಬಳಿ ಬ್ಯಾಡನಬಾರದಂತ ನೀವ ಹೇಳ್ತೀರಿ, ಅತ್ತಿ,” ಎಂದು ಮುಬೀನಾಳ ಮುಂದೆ ಕೂತು ಕೈ ಚಾಚಿದಳು. “ಇಡಸಕ್ಕಾ.”

“ನನ್ನ ಕೈ ಬ್ಯಾಡ, ತಂಗಿ.”

“ಎರಡ ಸಲಾ ಸತ್ತದ್ದು ನನ್ನ ಹೊಟ್ಟ್ಯಾಗ, ನಿನ್ನ ಕೈಯಾಗಲ್ಲ. ಅಂಜೂದಾದ್ರ ನಾ ಅಂಜಬೇಕು. ಇಡಸು.”

ಮುಬೀನಾ ಇಡಿಸಿದಳು. ಮಾತಾಡಿಸದೆ ಬಳೆ ಇಡಿಸಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಕಣ್ಣೀರು ಸುಜಾತಾಳ ಮುಂಗೈ ಮೇಲೆ ಬೀಳುತ್ತಿತ್ತು. ಶೇವಂತೆವ್ವ ಗೋಡೆ ಕಡೆ ಮುಖ ಮಾಡಿ ನಿಂತಿದ್ದಳು.

ಡೈಪರುಗಳನ್ನು ಚೀಲಕ್ಕೆ ತುಂಬಿ ಹೊತ್ತು ತಂದೆವು. ಮುಬೀನಾ ಅದನ್ನು ಅಂಗಡಿಯ ಗೂಟಕ್ಕೆ ನೇತುಹಾಕಿದಳು. ಆಮೇಲಿನ ದಿನಗಳು ಬೇಡಪ್ಪಾ ಬೇಡ. ಫೋನು ಸದ್ದಾದರೆ ಆಕೆಯ ಮುಖ ಬಿಳಿಚುತ್ತಿತ್ತು. ಊಟ ಬಿಟ್ಟಳು. ಏನಾದರೂ ಆದರೆ ಅಂಗಡಿಗೆ ಬೀಗ ಹಾಕುತ್ತೇನೆ, ಮತ್ತೆ ಯಾರ ಕೈಯನ್ನೂ ಮುಟ್ಟುವುದಿಲ್ಲ ಎಂದು ಒಮ್ಮೆ ತಣ್ಣಗೆ ಹೇಳಿದಳು. ಹೇಳಿದಂತೆ ಮಾಡುವ ಹೆಂಗಸು ಅದು.

ಎರಡು ತಿಂಗಳು ಕಳೆದು ಒಂದು ಮಧ್ಯಾಹ್ನ ಮಾಳಿಂಗನ ಬೈಕು ಅಂಗಡಿ ಮುಂದೆ ನಿಂತಿತು. ಮೈತುಂಬ ಧೂಳು, ಕಣ್ಣು ಕೆಂಪು. ಮುಬೀನಾಳ ಕೈಯಲ್ಲಿದ್ದ ಬಳೆ ಜಾರಿ ಒಡೆಯಿತು. ಅವನ ಮುಖ ನೋಡಲಾರದೆ ಆಕೆ ತಲೆ ತಗ್ಗಿಸಿದಳು.

“ಅವ್ವ ಕಳಿಸ್ಯಾಳ್ರಿ, ಅಕ್ಕಾರ,” ಎಂದ. “ಆ ಡೈಪರಿನ ಚೀಲಾ ಇಸ್ಕೊಂಡ ಬಾ ಅಂದಾಳ.”

ಗೂಟದಿಂದ ಚೀಲ ಇಳಿಸಿಕೊಟ್ಟವಳು ನಾನು. ಮುಬೀನಾ ತಡಕಾಡುತ್ತ ಕರಿಬಳೆಯ ಡಬ್ಬಿ ಎಳೆದುಕೊಂಡಳು.

“ಕೈ ಎಷ್ಟ ದಪ್ಪ ಅದಾವಪ್ಪಾ, ಕೂಸಿಂದು?”

ಮಾಳಿಂಗ ತನ್ನ ಹೆಬ್ಬೆರಳು ಎತ್ತಿ ತೋರಿಸಿದ.