ಖಾಲಿ ಗಾಡಿಯ ತೂಕ

ಇಪ್ಪತ್ತೆಂಟು ವರ್ಷ ವೇಬ್ರಿಡ್ಜ್‌ನಲ್ಲಿ ಕೂತು ಲಾರಿ ತೂಗಿದ ತೂಕದಣ್ಣನಿಗೆ ತನ್ನದೇ ಮೈತೂಕ ಹಿಡಿತಕ್ಕೆ ಸಿಗದೆ ತಲೆ ಕೆಟ್ಟುಹೋಗಿತ್ತು. ಬಲ ಮೊಣಕಾಲು ಸವೆದು, ಕ್ಯಾಬಿನ್ನಿನ ಹನ್ನೊಂದು ಮೆಟ್ಟಿಲು ಹತ್ತುವಷ್ಟರಲ್ಲಿ ಜೀವ ಬಾಯಿಗೆ ಬರುತ್ತಿತ್ತು. ‘ಆರು ಕೆ.ಜಿ. ಇಳಿಸಿ ಬನ್ನಿ, ಆಮೇಲೆ ಆಪರೇಷನ್ ಮಾತು’ ಎಂದ ಡಾಕ್ಟರು, ತಿಂದದ್ದನ್ನೆಲ್ಲ ತೂಗಿ ಬರೆದಿಡಲು ಹೇಳಿದ್ದರು.

‘ತೂಗಿ ಬರೆಯೋದನ್ನ ನಂಗೆ ಹೇಳ್ಕೊಡ್ತಾರಂತೆ!’ ಎಂದು ತೂಕದಣ್ಣ ಮನೆಗೊಂದು ಪುಟ್ಟ ಕಾಟಾ ತಂದ. ಮಧ್ಯಾಹ್ನದ ಡಬ್ಬಿಗೆ ದಿನಾ ಒಂದೇ: ಹೆಂಡತಿ ಮಾಡಿಕೊಡುವ ಕೈಮಾ ಉಂಡೆಯ ಸ್ಯಾಂಡ್‌ವಿಚ್. ಗೇಣುದ್ದದ ಬ್ರೆಡ್ಡು, ಒಳಗೆ ಐದು ಉಂಡೆ, ಟೊಮೆಟೊ ಸಾಸು, ಮೇಲೆ ಕರಗಿದ ಚೀಸು. ‘ಪ್ರೊಟೀನು ಕಣೇ, ಬರೀ ಪ್ರೊಟೀನು!’ ಅವನು ತೂಗಿ, ಬರೆದು, ಅಡಿಗೆರೆ ಎಳೆದು, ಸಹಿ ಹಾಕುವವರೆಗೂ ಅವಳು ಡಬ್ಬಿಯ ಮುಚ್ಚಳ ಹಿಡಿದು ನಿಂತಿರಬೇಕಿತ್ತು.

ಎರಡು ತಿಂಗಳ ನಂತರ ಆಸ್ಪತ್ರೆಯಲ್ಲಿ ನೋಡಿದರೆ ಒಂದೂವರೆ ಕೆ.ಜಿ. ಏರಿದೆ!

‘ನಿಮ್ ಕಾಟಾನೇ ಸರಿ ಇಲ್ಲ’ ಎಂದು ತೂಕದಣ್ಣ ಹರಿಹಾಯ್ದ.

ಆಹಾರ ಸಲಹೆಯ ಮೇಡಂ ನೋಟ್‌ಬುಕ್ ತಿರುವಿದರು. ‘ಉಂಡೆ ಇದೆ, ಸಾಸಿದೆ, ಚೀಸಿದೆ. ನಿವ್ವಳ ಇನ್ನೂರೈವತ್ತು ಗ್ರಾಂ. ಬ್ರೆಡ್ ಎಲ್ಲಿ ಸಾರ್?’

‘ಅದನ್ನ ಕಳೆದಿದೀನಲ್ಲ.’

‘ಯಾಕೆ?’

ಇಷ್ಟೂ ತಿಳಿಯದವರಿಗೆ ಕೆಲಸ ಕೊಟ್ಟವರಾರೋ ಎಂಬಂತೆ ತೂಕದಣ್ಣ ನಿಟ್ಟುಸಿರಿಟ್ಟ. ‘ನೋಡಿ ಮೇಡಂ, ತುಂಬಿದ ಗಾಡಿ ತೂಗ್ಬೇಕು. ಖಾಲಿ ಗಾಡಿ ಕಳೀಬೇಕು. ಉಳಿದಿದ್ದೇ ಮಾಲು. ಉಂಡೆ ಮಾಲು, ಬ್ರೆಡ್ಡು ಗಾಡಿ.’

ಪಕ್ಕದಲ್ಲಿದ್ದ ಹೆಂಡತಿ ಹಣೆ ಚಚ್ಚಿಕೊಂಡಳು. ‘ರೀ, ಲಾರಿಯವ್ರು ಮಾಲು ಇಳ್ಸಿ ಗಾಡಿ ವಾಪಸ್ ಒಯ್ತಾರೆ. ನೀವು ಗಾಡೀನೂ ನುಂಗಿದ್ರಲ್ರೀ!’

‘ಗಾಡೀಲೇ ನಾನೂರು ಕ್ಯಾಲರಿ ಇದೆ ಸಾರ್’ ಎಂದರು ಮೇಡಂ. ‘ಉಂಡೇಲಿ ಪ್ರೊಟೀನ್ ಇರೋದು ನಿಜ, ಕೊಬ್ಬೂ ಇದೆ. ಇನ್ಮೇಲೆ ಎರಡೇ ಉಂಡೆ, ಅರ್ಧ ಬ್ರೆಡ್.’

ಆಪರೇಷನ್ ಮೂರು ತಿಂಗಳು ಮುಂದಕ್ಕೆ ಹೋಯಿತು. ದಾರಿಯುದ್ದಕ್ಕೂ ತೂಕದಣ್ಣ ಆಸ್ಪತ್ರೆಯ ಕಾಟಾವನ್ನೇ ಬೈದ.

ಮರುದಿನ ಮಧ್ಯಾಹ್ನ ಕ್ಯಾಬಿನ್ನಿನಲ್ಲಿ ಡಬ್ಬಿ ತೆರೆದರೆ, ಅರ್ಧ ಸ್ಯಾಂಡ್‌ವಿಚ್ ಮೂಲೆ ಹಿಡಿದು ಕೂತಿತ್ತು. ಎರಡೇ ತುತ್ತಿಗೆ ಮುಗಿಯಿತು. ಅಷ್ಟರಲ್ಲಿ ಕೆಳಗಿನಿಂದ ಡ್ರೈವರ್ ಕೂಗಿದ:

‘ತೂಕದಣ್ಣಾ, ಖಾಲಿ ಗಾಡಿ ಬಂತು! ತೂಕ ಕಳಿ!’

‘ಕಳೀತೀನಿ, ಬಾಯ್ ಮುಚ್ಕೊಂಡ್ ನಿಲ್ಸೋ!’ ತೂಕದಣ್ಣ ಮೊಣಕಾಲು ಹಿಡಿದುಕೊಂಡು, ಕುಂಯ್‌ಗುಡುತ್ತ ಎದ್ದು ಕಿಟಕಿಯತ್ತ ನಡೆದ.