ಬಲಗೈಯ ಗಡ್ಡೆ

ಅವನಷ್ಟು ಅಸಹ್ಯಪಡುವ ಮನುಷ್ಯ ಕ್ಷೌರಿಕನಾಗಲೇಬಾರದಿತ್ತು. ಆದರೆ ಅಪ್ಪ ಕಲಿಸಿಕೊಟ್ಟದ್ದು ಅದೊಂದೇ ಕಸುಬು, ಅದರಲ್ಲಿ ಅವನದು ಎತ್ತಿದ ಕೈ ಬೇರೆ. ಮೂವತ್ತೊಂದು ವರ್ಷದಿಂದ ಊರಿನವರ ತಲೆಹೊಟ್ಟು, ಕತ್ತಿನ ಜಿಡ್ಡು, ಮೂಗಿನ ಕೂದಲನ್ನೆಲ್ಲ ಸಹಿಸಿಕೊಂಡು, ಮನೆಗೆ ಹೋಗಿ ಹೆಂಡತಿಯ ಮುಂದೆ ಕಾರಿಕೊಳ್ಳುತ್ತಿದ್ದ. "ಇವತ್ತೊಬ್ಬ ಬಂದಿದ್ದ ಕಣೇ. ಕಿವೀಲಿ ಬೆಳೆದಿರೋದು ಕೂದಲಲ್ಲ, ಪೊರಕೆ!" ಅವಳು ತಟ್ಟೆ ಎತ್ತಿಕೊಂಡು ಪಕ್ಕದ ಕೋಣೆಗೆ ಹೋಗಿ ಊಟ ಮುಗಿಸುತ್ತಿದ್ದಳು.

ಅಂಗಡಿಯಲ್ಲಿ ಎರಡು ಕುರ್ಚಿ. ಮೊದಲನೆಯದು ಅವನದು, ಎರಡನೆಯದು ತಮ್ಮನದು. ಗಿರಾಕಿಗಳು ಅಣ್ಣತಮ್ಮಂದಿರನ್ನು ಕರೆಯುತ್ತಿದ್ದುದೂ ಮೊದಲನೇ ಕುರ್ಚಿ, ಎರಡನೇ ಕುರ್ಚಿ ಎಂದೇ.

ಇಂಥವನ ಬಲಗೈಯಲ್ಲಿ, ಮೊಣಕೈಗಿಂತ ಸ್ವಲ್ಪ ಕೆಳಗೆ, ಒಳಮಗ್ಗುಲಿಗೆ ಗಡ್ಡೆ ಎದ್ದಿತು. ಮೊದಲು ಕಡಲೆಕಾಳಿನಷ್ಟಿತ್ತು. ಆರು ವರ್ಷದಲ್ಲಿ ನಿಂಬೆಹಣ್ಣಿನಷ್ಟಾಯಿತು. ನೋವಿಲ್ಲ, ಉರಿಯಿಲ್ಲ. ಒತ್ತಿದರೆ ಮೆತ್ತಗೆ ಆಚೀಚೆ ಜಾರುತ್ತಿತ್ತು. ಅದನ್ನು ಮುಟ್ಟಲೂ ಅವನಿಗೆ ಹೇಸಿಗೆ. ಸ್ನಾನ ಮಾಡುವಾಗ ಆ ಜಾಗ ಬಿಟ್ಟು ಉಳಿದ ಮೈಗೆಲ್ಲ ಸೋಪು ಹಚ್ಚುತ್ತಿದ್ದ.

ತುಂಬುತೋಳಿನ ಅಂಗಿ ಹಾಕಿದರೂ ಕತ್ತಿ ಹಿಡಿಯುವಾಗ ತೋಳು ಮಡಚಲೇಬೇಕು. ಮಡಚಿದರೆ ಗಡ್ಡೆ ನೇರವಾಗಿ ಗಿರಾಕಿಯ ಮೂಗಿನ ಮುಂದೆ. ಒಂದು ದಿನ ನಿವೃತ್ತ ಹೆಡ್‌ಕ್ಲಾರ್ಕು ಅರ್ಧ ಶೇವಿಂಗಿನಲ್ಲಿ ಕಣ್ಣು ಬಿಟ್ಟರು. ಅವರ ಮುಖ ಗಂಟಿಕ್ಕಿತು. ಮುಂದಿನ ವಾರದಿಂದ ಮೊದಲನೇ ಕುರ್ಚಿ ಖಾಲಿಯಿದ್ದರೂ ಬೆಂಚಿನ ಮೇಲೆ ಪೇಪರು ಹಿಡಿದು ತಮ್ಮನಿಗಾಗಿ ಕಾದರು. ಅವರ ಹಿಂದೆ ಒಬ್ಬೊಬ್ಬರೇ ಜಾರಿದರು.

"ಅಣ್ಣಾ, ಬೇಜಾರು ಮಾಡ್ಕೋಬೇಡ," ಎಂದ ತಮ್ಮ, ಬೇಕಿಲ್ಲದಿದ್ದರೂ ಬಾಚಣಿಗೆ ಒರೆಸುತ್ತ. "ಆ ಗಡ್ಡೆ ತೆಗೆಸ್ಕೊಂಬಿಡು. ಹೀಗೇ ಆದ್ರೆ ನಿನ್ನ ಕುರ್ಚಿಗೆ ಬೇರೆ ಯಾರನ್ನಾದ್ರೂ ಕರ್ಕೊಂಡು ಬರ್ಬೇಕಾಗತ್ತೆ."

ಆ ಮಾತು ಎದೆಗೆ ನಾಟಿತು. ಮರುದಿನವೇ ಹೆಂಡತಿಯನ್ನು ಕರೆದುಕೊಂಡು ಆಸ್ಪತ್ರೆಗೆ ಹೋದ.

ಡಾಕ್ಟರಮ್ಮ ಗಡ್ಡೆಯನ್ನು ಬೆರಳಲ್ಲಿ ಹಿಡಿದು ಹಾಗೂ ಹೀಗೂ ಹೊರಳಿಸಿದರು. ಇದನ್ನು ಮುಟ್ಟಲು ಈಕೆಗೆ ಮನಸ್ಸಾದರೂ ಹೇಗೆ ಬಂತೆಂದು ಅವನು ಗೋಡೆ ಕಡೆ ತಿರುಗಿದ. ಸ್ಕ್ಯಾನ್ ಆಯಿತು. "ಬರೀ ಕೊಬ್ಬಿನ ಗಡ್ಡೆ. ಕೆಟ್ಟದ್ದೇನೂ ಕಾಣ್ತಿಲ್ಲ," ಎಂದರು.

"ನಿಮ್ಮ ಮೈಯಲ್ಲಿ ಕೊಬ್ಬಿದೆ ಅಂತ ಮದುವೆಯಾದಾಗಿನಿಂದ ನಾನು ಹೇಳ್ತಿಲ್ವಾ?" ಎಂದಳು ಹೆಂಡತಿ.

ಅವನಿಗೆ ನಗು ಬರಲಿಲ್ಲ. "ಕತ್ತಿ ಹಿಡಿಯೋ ಕೈ ಡಾಕ್ಟ್ರೇ ಇದು."

"ಪಕ್ಕದಲ್ಲೇ ನರ ಇದೆ, ನೋಡ್ಕೊಂಡು ತೆಗೀತೀವಿ. ಗಾಯದ ಸುತ್ತ ಚರ್ಮ ಸ್ವಲ್ಪ ದಿನ ಜೋಮು ಹಿಡಿದ ಹಾಗಿರಬಹುದು. ಬೆರಳಿಗೆ ಸಾಮಾನ್ಯವಾಗಿ ಏನೂ ಆಗಲ್ಲ."

ಆ 'ಸಾಮಾನ್ಯವಾಗಿ' ಅವನ ನಿದ್ದೆ ಕೆಡಿಸಿತು.

ಆಸ್ಪತ್ರೆಯವರು ಕೊಟ್ಟ ಚೀಟಿಯಲ್ಲಿ ಕೂದಲು ಬೋಳಿಸಬೇಡಿ ಎಂದು ಸ್ಪಷ್ಟವಾಗಿ ಬರೆದಿತ್ತು. ಅದು ಕೆಲಸ ಬಾರದವರಿಗೆ ಎಂದುಕೊಂಡ. ಕ್ಷೌರಿಕನಾಗಿ ರೋಮದ ಕೈ ಹೊತ್ತುಕೊಂಡು ಹೋಗುವುದೇ? ಆಪರೇಷನ್ನಿನ ಹಿಂದಿನ ದಿನ ಸಂಜೆ ನೊರೆ ಹಚ್ಚಿ ಕೂತ. ಬೋಳಿಸಬೇಕಾದದ್ದು ಬಲಗೈ, ಕತ್ತಿ ಹಿಡಿಯಬೇಕಾದದ್ದು ಎಡಗೈ ಎಂಬುದು ಮೂರು ಕಡೆ ಕೊಯ್ದ ಮೇಲೆ ಹೊಳೆಯಿತು. ಬೆಳಗಾಗುವಷ್ಟರಲ್ಲಿ ಕೈ ತುಂಬ ಕೆಂಪು ಗುಳ್ಳೆ.

"ಯಾರ್ರೀ ಇದನ್ನ ಹೀಗೆ ಕೆರೆದಿದ್ದು?" ಎಂದಳು ನರ್ಸ್. ಅವನ ಕೆಲಸವನ್ನು ಈವರೆಗೆ ಯಾರೂ ಕೆರೆತ ಎಂದಿರಲಿಲ್ಲ. ಸೋಂಕಾಗುತ್ತದೆಂದು ಡಾಕ್ಟರಮ್ಮ ಹನ್ನೆರಡು ದಿನ ಮುಂದೆ ಹಾಕಿದರು. ಅಷ್ಟೂ ದಿನ ಮೊದಲನೇ ಕುರ್ಚಿಯ ಮೇಲೆ ಗಿರಾಕಿಗಳು ಚೀಲ ಇಟ್ಟುಕೊಂಡರು.

ಕೊನೆಗೂ ಆ ದಿನ ಬಂತು. ಸೂಜಿ ಚುಚ್ಚಿದಾಗ ಕೆಂಡ ಮುಟ್ಟಿದಂತಾಯಿತು, ಆಮೇಲೆ ಏನೂ ಇಲ್ಲ. ನೋವಿಲ್ಲದಿದ್ದರೂ ಎಳೆದದ್ದು, ಒತ್ತಿದ್ದು, ಹಿಂಡಿದ್ದು ಎಲ್ಲ ತಿಳಿಯುತ್ತಿತ್ತು. ಅದೇ ಹೆಚ್ಚು ಹೇಸಿಗೆ. ರಕ್ತ ನಿಲ್ಲಿಸಲು ಸುಟ್ಟ ವಾಸನೆ ಮೂಗಿಗೆ ಬಡಿಯಿತು. ತನ್ನದೇ ಮಾಂಸದ ವಾಸನೆ!

"ಬಂತು ನೋಡಿ," ಎಂದು ನರ್ಸ್ ಉತ್ಸಾಹದಿಂದ ಬಾಟಲಿ ಎತ್ತಿ ತೋರಿಸಿದಳು. ಹಳದಿ, ಜಿಡ್ಡುಜಿಡ್ಡು, ಉಂಡೆಉಂಡೆ. ಥೂ! ಆರು ವರ್ಷ ಇದಕ್ಕೂ ಅನ್ನ ಹಾಕಿದೆನಲ್ಲ ಎಂದುಕೊಂಡು ಅವನು ಕಣ್ಣು ಮುಚ್ಚಿದ. ಬಾಟಲಿ ಪರೀಕ್ಷೆಗೆ ಹೋಯಿತು.

ಎರಡು ದಿನ ಪಟ್ಟಿಗೆ ನೀರು ತಾಕಿಸುವಂತಿರಲಿಲ್ಲ. ಚರ್ಮ ನೇರಳೆಯಾಗಿ, ಹಸಿರಾಗಿ, ಕೊಳೆತ ಹಣ್ಣಿನ ಬಣ್ಣಕ್ಕೆ ತಿರುಗಿತು. ಐದನೇ ದಿನ ಅದೇ ಜಾಗ ಮತ್ತೆ ಉಬ್ಬಿದಾಗ ಗಡ್ಡೆ ವಾಪಸು ಬಂತೆಂದು ಜೀವ ಬಾಯಿಗೆ ಬಂತು. ಒಳಗೆ ನೀರು ತುಂಬಿದೆ, ತಾನಾಗಿ ಇಳಿಯುತ್ತದೆ ಎಂದರು ಡಾಕ್ಟರಮ್ಮ. ಇಳಿಯಿತು. ಪರೀಕ್ಷೆಯಲ್ಲೂ ಬರೀ ಕೊಬ್ಬು ಎಂದೇ ಬಂತು. ಹನ್ನೆರಡನೇ ದಿನ ಹೊಲಿಗೆ ಬಿಚ್ಚಿದರು. ಗಾಯದ ಸುತ್ತ ಜೋಮು ಉಳಿದಿತ್ತು, ಆದರೆ ಐದೂ ಬೆರಳು ಹೇಳಿದ ಮಾತು ಕೇಳುತ್ತಿದ್ದವು.

ಮರುದಿನ ಅಂಗಡಿಗೆ ಬಂದು, ತೋಳು ಮಡಚಿ ಮೊದಲನೇ ಕುರ್ಚಿಯ ಹಿಂದೆ ನಿಂತ. ಜನ ಬಂದರು. ಗಾಯ ನೋಡಿದರು, ಕುಶಲ ಕೇಳಿದರು. ಕೇಳಿದವರೆಲ್ಲ ಹೋಗಿ ಬೆಂಚಿನ ಮೇಲೆ ಕೂತರು. ಹೆಡ್‌ಕ್ಲಾರ್ಕು ಪೇಪರು ಬಿಡಿಸಿದರು. ಮಧ್ಯಾಹ್ನವಾದರೂ ಅವನ ಕತ್ತಿ ಒದ್ದೆಯಾಗಲಿಲ್ಲ.

ತಮ್ಮನಿಗೆ ಏನನಿಸಿತೋ, ಗಿರಾಕಿಗಳನ್ನು ಕಾಯಲು ಬಿಟ್ಟು ಬಂದು ಮೊದಲನೇ ಕುರ್ಚಿಯಲ್ಲಿ ಕೂತ. ಗಲ್ಲ ಎತ್ತಿ, "ಮಾಡು," ಎಂದ.

ಅವನು ನೊರೆ ಹಚ್ಚಿದ. ಕಿವಿಯ ಬುಡದಿಂದ ದವಡೆಯವರೆಗೆ ಕತ್ತಿ ಒಂದೇ ಎಳೆತಕ್ಕೆ ಇಳಿಯಿತು, ಕೂದಲೆಳೆಯಷ್ಟೂ ನಡುಗಲಿಲ್ಲ. ಕಣ್ಣಲ್ಲಿ ನೀರು ಬರುವಷ್ಟು ಸಮಾಧಾನವಾಯಿತು. ಆಗಲೇ ತಮ್ಮನ ಕುತ್ತಿಗೆಯ ಮಡಿಕೆಯಲ್ಲಿ ಕೀವು ತುಂಬಿದ ಗುಳ್ಳೆಯೊಂದು ಕಂಡಿತು.

"ಅಣ್ಣಾ," ಎಂದ ತಮ್ಮ ಮೆಲ್ಲಗೆ, ತುಟಿ ಅಲ್ಲಾಡಿಸದೆ. "ಆ ಮುಖ ಮಾಡ್ಬೇಡ."

"ಯಾವ ಮುಖ?"

"ಎದುರಿಗೆ ಕನ್ನಡಿ ಇದೆ. ಕೂತೋರಿಗೆಲ್ಲ ಕಾಣ್ಸತ್ತೆ. ಹೆಡ್‌ಕ್ಲಾರ್ಕಿಗೂ ಅವತ್ತು ಕಂಡಿದ್ದು ಅದೇ. ನಿನಗೆ ಹೇಳೋಕೆ ನನಗೆ ಬಾಯಿ ಬರ್ಲಿಲ್ಲ, ಗಡ್ಡೆ ಹೆಸರು ಹೇಳ್ಬಿಟ್ಟೆ."

ಅವನು ತಲೆಯೆತ್ತಿದ. ಕನ್ನಡಿಯಲ್ಲಿ ಒಬ್ಬ ಮುದುಕ ಮೂಗು ಸಿಂಡರಿಸಿಕೊಂಡು ತಮ್ಮನ ತಲೆಯ ಹಿಂದೆ ನಿಂತಿದ್ದ. ಇನ್ನೊಂದು ಕೆನ್ನೆ ಬಾಕಿಯಿತ್ತು. ಮುಖವನ್ನು ಹೇಗೆ ಇಟ್ಟುಕೊಳ್ಳಬೇಕೆಂದು ಅವನಿಗೆ ತಿಳಿಯಲಿಲ್ಲ.